ನೀಲಾಳ ಹೆಸರಿನ ಐದು ಸಿಮ್‌ಗಳು

ನೀಲಾಳ ಹೆಸರಿನಲ್ಲಿ ಐದು ಸಿಮ್ ಕಾರ್ಡುಗಳ ಫಾರಂ ತುಂಬಿ, ಅವಳ ಸಹಿಯನ್ನು ನಾನೇ ಮಾಡಿದೆ. ಅವಳಿಗೆ ಗೊತ್ತಿರಲಿಲ್ಲ. ಆ ಐದರಲ್ಲಿ ಒಂದು ಸಿಮ್ಮಿನಿಂದ ಅವಳ ಓದು ನಿಂತಿತು, ಮನೆಯವರಿಗೆ ಅವಳ ಮಾತಿನ ಮೇಲಿದ್ದ ನಂಬಿಕೆ ಹೋಯಿತು. ಅದೆಲ್ಲ ನಡೆಯುವಾಗ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ — ಬಾಯಿ ಬಿಡಲಿಲ್ಲ.

ಇಷ್ಟು ಹೇಳಲು ಹದಿನೈದು ವರ್ಷ ತೆಗೆದುಕೊಂಡೆ. ಯಾಕೆ ಮಾಡಿದೆ ಎಂದು ಕೇಳಿದರೆ ಇವತ್ತಿಗೂ ಸರಿಯಾದ ಉತ್ತರವಿಲ್ಲ. ಹುಡುಕಿದಾಗೆಲ್ಲ ಒಂದೊಂದು ಉತ್ತರ ಸಿಗುತ್ತದೆ, ಎರಡು ದಿನ ನಿಜವೆನಿಸುತ್ತದೆ, ಆಮೇಲೆ ಅದೂ ಒಂದು ನೆಪ ಎಂದು ತಿಳಿಯುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಎಲ್ಲಿ ನೆನಪು ಮಸಕಾಗಿದೆಯೋ ಅಲ್ಲಿ ಹಾಗೆಂದೇ ಹೇಳುತ್ತೇನೆ.

ನನ್ನ ಹೆಸರು ಮಹಾನಂದಾ. ಊರು ಇಂಡಿ. ಅಪ್ಪ ಒಬ್ಬ ನಿಂಬೆಹಣ್ಣಿನ ವ್ಯಾಪಾರಿಯ ಹತ್ತಿರ ಹಣ್ಣು ಆರಿಸಿ ಚೀಲ ತುಂಬಿಸುವ ಕೆಲಸ ನೋಡಿಕೊಳ್ಳುತ್ತಿದ್ದ. ಬಿ.ಎ. ಓದಲು ಸಿಂದಗಿಗೆ ಬಂದು ಹುಡುಗಿಯರ ಹಾಸ್ಟೆಲ್ ಸೇರಿದೆ. ಅಲ್ಲಿ ನನ್ನ ಕೋಣೆಗೆ ಬಂದವಳು ನೀಲಮ್ಮ. ಕಾಲೇಜಿನಲ್ಲಿ ಎಲ್ಲರಿಗೂ ನೀಲಾ. ಮುದ್ದೇಬಿಹಾಳದ ಕಡೆಯ ಹಳ್ಳಿಯ ಹುಡುಗಿ. ತಂದೆ ತೀರಿಕೊಂಡಿದ್ದರು. ಅಣ್ಣ ಮಲ್ಲಪ್ಪ ಮುಳವಾಡದ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ದಿನಗೂಲಿಯವನಾಗಿ ದುಡಿದು ಅವಳನ್ನು ಓದಿಸುತ್ತಿದ್ದ. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ. ಬಂದಾಗ ಹಾಸ್ಟೆಲಿನ ಗೇಟಿನ ಹೊರಗೇ ನಿಂತು, “ಓದಾಕತ್ತೀಯಿಲ್ಲೋ?” ಎಂದು ಒಂದೇ ಮಾತು ಕೇಳುತ್ತಿದ್ದ. “ಓದಾಕತ್ತೇನಿ” ಅಂದರೆ ರೊಟ್ಟಿಯ ಜೊತೆ ತಿನ್ನಲು ಶೇಂಗಾ ಹಿಂಡಿಯ ಡಬ್ಬಿ ಅವಳ ಕೈಗಿಟ್ಟು ಹೋಗುತ್ತಿದ್ದ. ನೀಲಾಳಿಗೆ ಟೀಚರ್ ಆಗಬೇಕಿತ್ತು. ಇದನ್ನು ಅವಳು ಆಸೆಯ ಹಾಗೆ ಹೇಳುತ್ತಿರಲಿಲ್ಲ, ನಾಳೆ ಸಂತೆಗೆ ಹೋಗುತ್ತೇನೆ ಎನ್ನುವಷ್ಟು ಸಹಜವಾಗಿ ಹೇಳುತ್ತಿದ್ದಳು.

ನಾವು ಕೊನೆಯ ವರ್ಷದಲ್ಲಿದ್ದಾಗ ಆ ಕಂಪನಿ ಬಂತು. ಹೆಸರು ಬೇಡ, ಈಗ ಅದು ಇಲ್ಲ. ಕಾಲೇಜು ಹುಡುಗ ಹುಡುಗಿಯರಿಗಾಗಿಯೇ ತೆಗೆದ ಮೊಬೈಲ್ ಕಂಪನಿ ಎಂದು ಅದರ ಜಾಹೀರಾತು. ನಮ್ಮ ಕಡೆ ಜನ ಅದನ್ನು “ಕಾಲೇಜ ಸಿಮ್ಮು” ಎಂದೇ ಕರೆದರು. ಅದರ ವಿಚಿತ್ರವೆಂದರೆ ಆ ಕಂಪನಿಗೆ ತನ್ನದೆಂಬ ಒಂದು ಟವರೂ ಇರಲಿಲ್ಲ. ಇನ್ನೊಂದು ದೊಡ್ಡ ಕಂಪನಿಯ ಟವರುಗಳನ್ನು ಬಾಡಿಗೆಗೆ ಹಿಡಿದು, ಅದರ ಮೇಲೆ ತನ್ನ ಹೆಸರಿನ ಸಿಮ್ಮು ಮಾರುತ್ತಿತ್ತು. ಇದನ್ನು ಹಳ್ಳಿಯ ಜನರಿಗೆ ತಿಳಿಸುವುದು ನನಗೆ ಬಹಳ ಕಷ್ಟವಾಗುತ್ತಿತ್ತು. ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಒಬ್ಬ ಹಿರಿಯರು ನನ್ನ ಎದುರು ನಿಂತು, “ಟವರ್ ಇಲ್ಲಂತಿ, ಮಾತ್ ಬರ್ತಾವ್ ಅಂತಿ. ಯಾವದರೆ ಒಂದ್ ಹೇಳವಾ ತಂಗಿ” ಅಂದಿದ್ದರು. ನನಗೂ ಅದು ಪೂರ್ತಿ ತಿಳಿದಿತ್ತೆಂದು ಹೇಳಲಾರೆ.

ನಾನು ಆ ಕಂಪನಿಯ ಸಿಮ್ಮು ಮಾರುತ್ತಿದ್ದೆ. ಹುಡುಗಿಯರಿಗೆ ಹುಡುಗಿಯರೇ ಮಾರಬೇಕು ಎಂಬುದು ಅವರ ಲೆಕ್ಕಾಚಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ — ನಾಲ್ಕೂ ತಾಲೂಕುಗಳನ್ನು ನೋಡಿಕೊಳ್ಳಲು ಹುಬ್ಬಳ್ಳಿಯಿಂದ ಅಜಯ್ ಎಂಬ ಅಧಿಕಾರಿ ಬರುತ್ತಿದ್ದರು. ಒಂದೊಂದು ಕಾಲೇಜಿನಲ್ಲಿ ಒಬ್ಬ ಹುಡುಗಿಯನ್ನು ಆರಿಸಿದರು. ಸಿಂದಗಿಯಲ್ಲಿ ಆರಿಸಿದ್ದು ನನ್ನನ್ನು. ಹೆಗಲಿಗೆ ಕಿತ್ತಳೆ ಬಣ್ಣದ ಚೀಲ, ಅದರಲ್ಲಿ ಫಾರಮ್ಮುಗಳು, ತೋರಿಸಲು ನಾಲ್ಕು ಹ್ಯಾಂಡ್‌ಸೆಟ್ಟು.

ಆ ಹ್ಯಾಂಡ್‌ಸೆಟ್ಟುಗಳ ಬಗ್ಗೆ ಹೇಳದಿದ್ದರೆ ನನ್ನ ತಪ್ಪು ಅರ್ಥವಾಗುವುದಿಲ್ಲ. ಕಂಪನಿ ಅವುಗಳಿಗೆ ಏನೇನೋ ಇಂಗ್ಲಿಷ್ ಹೆಸರಿಟ್ಟಿತ್ತು. ಹಾಸ್ಟೆಲಿನ ಹುಡುಗಿಯರು ತಮ್ಮವೇ ಹೆಸರು ಕೊಟ್ಟರು. ಸ್ಲೇಟಿನಂತೆ ಅಗಲವಾಗಿ, ಇಡೀ ಅಕ್ಷರಮಾಲೆಯ ಗುಂಡಿಗಳಿದ್ದದ್ದು “ಪಾಟಿ”. ಎರಡು ಸ್ಪೀಕರಿನ ಕೆಂಪು ಸೆಟ್ಟು “ಬ್ಯಾಂಡಬಾಜಾ”. ಎಲ್ಲಕ್ಕಿಂತ ಸೋವಿಯದು “ಸಾಬಾಣ” — ಅದು ಸೋಪಿನ ಹಾಗೆಯೇ ಕೈಯಿಂದ ಜಾರುತ್ತಿತ್ತು. ನಾಲ್ಕನೆಯದು ನೇರಳೆ ಬಣ್ಣದ್ದು, ಮೇಲಿನ ಭಾಗವನ್ನು ಹೆಬ್ಬೆರಳಿನಿಂದ ತಳ್ಳಿದರೆ ಕೆಳಗಿನಿಂದ ಗುಂಡಿಗಳು ಹೊರಬರುತ್ತಿದ್ದವು. ಅದಕ್ಕೆ “ಬದನೀಕಾಯಿ” ಅಂದರು. ನಗುತ್ತ ಹೆಸರಿಟ್ಟರೂ ಎಲ್ಲರ ಕಣ್ಣೂ ಅದರ ಮೇಲೆಯೇ. ಒಂದು ತಿಂಗಳಲ್ಲಿ ಐವತ್ತು ಸಿಮ್ಮು ಚಾಲೂ ಮಾಡಿಸಿದ ಹುಡುಗಿಗೆ ಬದನೀಕಾಯಿ ಉಚಿತ ಎಂದು ಅಜಯ್ ಸರ್ ಹೇಳಿದ್ದರು.

ನನಗೆ ಅದು ಬೇಕಿತ್ತು. ಎಷ್ಟು ಬೇಕಿತ್ತು ಎಂದರೆ… ಈಗ ಬರೆಯಲು ನಾಚಿಕೆಯಾಗುತ್ತದೆ. ನಮ್ಮ ಮನೆಯಲ್ಲಿ ಹೊಸದೆಂಬ ವಸ್ತು ನನಗಾಗಿ ಬಂದದ್ದು ನೆನಪಿಲ್ಲ. ಅಕ್ಕನ ಲಂಗ, ಅಕ್ಕನ ಪುಸ್ತಕ, ಅಕ್ಕನ ಚಪ್ಪಲಿ. ನೋಡಿ, ಇಲ್ಲಿಯೇ ನಾನು ನೆಪ ಕಟ್ಟಲು ಶುರುಮಾಡಿದೆ. ನೀಲಾಳಿಗೆ ಹೊಸ ವಸ್ತುಗಳು ಬರುತ್ತಿದ್ದವೇ? ಅವಳೇನು ಯಾರದಾದರೂ ಸಹಿ ಮಾಡಿದಳೇ?

ಆ ತಿಂಗಳ ಕೊನೆಯ ದಿನ ನನ್ನ ಹತ್ತಿರ ನಲವತ್ತೈದು ಫಾರಂ ಇದ್ದವು. ಮಧ್ಯಾಹ್ನ ಅಜಯ್ ಸರ್ ಬಂದು ಕಾಲೇಜಿನ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದರು. “ಐದು ಕಮ್ಮಿ ಅದಾವಲ್ಲ ಮಹಾನಂದಾ,” ಅಂದರು. “ಸಂಜಿ ಬಸ್ಸಿಗೆ ನಾ ಹೊಂಟೆ. ಫಾರಂ ಪೂರ್ತಿ ಇದ್ರ ಸಾಕು, ಸಿಮ್ಮಿಗೆ ಮಂದಿ ಆಮ್ಯಾಲ ಸಿಗ್ತಾರ.”

ಅವರು ಹೀಗೆ ಹೇಳಿದರೆಂದು ಹದಿನೈದು ವರ್ಷ ನಂಬಿಕೊಂಡು ಬಂದಿದ್ದೇನೆ. ಆದರೆ ಈಗೀಗ ಗೊಂದಲವಾಗುತ್ತದೆ. “ಐದು ಕಮ್ಮಿ” ಎಂದದ್ದು ಖಂಡಿತ. ಆಮೇಲಿನ ಮಾತು ಅವರದೋ, ಅಥವಾ ನನ್ನ ಮನಸ್ಸು ತನಗೆ ಬೇಕಾದ ಮಾತನ್ನು ಅವರ ಬಾಯಲ್ಲಿ ಇಟ್ಟುಕೊಂಡಿತೋ — ಆಣೆ ಮಾಡಿ ಹೇಳಲಾರೆ.

ಖಚಿತವಾಗಿ ನೆನಪಿರುವುದು ಇಷ್ಟು. ಅದಕ್ಕೆ ಒಂದು ವಾರ ಮೊದಲು ನೀಲಾ ಬಿ.ಎಡ್. ಅರ್ಜಿಗೆಂದು ಆರು ಫೋಟೊ ತೆಗೆಸಿ, ವೋಟರ್ ಕಾರ್ಡಿನ ಝೆರಾಕ್ಸಿನೊಂದಿಗೆ ನನಗೆ ಕೊಟ್ಟಿದ್ದಳು. ನಮ್ಮಿಬ್ಬರ ಅರ್ಜಿಯನ್ನೂ ನಾನೇ ವಿಜಯಪುರಕ್ಕೆ ಹೋಗಿ ಕೊಟ್ಟು ಬಂದಿದ್ದೆ. ಅರ್ಜಿಗೆ ಒಂದೇ ಫೋಟೊ ಹತ್ತಿತು, ಝೆರಾಕ್ಸ್ ಬೇಕಾಗಲಿಲ್ಲ. ಐದು ಉಳಿದವು, ನನ್ನ ಪುಸ್ತಕದ ನಡುವೆಯೇ ಇದ್ದವು. ಬೇಕಾದದ್ದೂ ಐದು.

ವೋಟರ್ ಕಾರ್ಡಿನ ಒಂದೇ ಪ್ರತಿ ಇತ್ತು. ಐದು ಮಾಡಿಸಲು ನಾನು ಝೆರಾಕ್ಸ್ ಅಂಗಡಿಗೆ ನಡೆದು ಹೋದೆ. ನನ್ನ ಮುಂದೆ ಮೂರ್ನಾಲ್ಕು ಜನ ಇದ್ದರು, ಪಾಳಿ ಬರುವವರೆಗೆ ಕಾದೆ. ಯಾರೂ ನನ್ನನ್ನು ತಳ್ಳಲಿಲ್ಲ, ಅವಸರಪಡಿಸಲಿಲ್ಲ. ಹಿಂದಕ್ಕೆ ತಿರುಗಲು ಬೇಕಾದಷ್ಟು ಹೊತ್ತಿತ್ತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಆಗಿಹೋಯಿತು ಎಂದು ನಾನು ಹೇಳುವಂತಿಲ್ಲ.

ಫೋಟೊ ಅಂಟಿಸಿದೆ. ಸಹಿ ಮಾಡಿದೆ. ನೀಲಾ ಕನ್ನಡದಲ್ಲಿ ಸಹಿ ಮಾಡುತ್ತಿದ್ದಳು, ‘ಮ್ಮ’ದ ಒತ್ತನ್ನು ಉದ್ದಕ್ಕೆ ಎಳೆದು ಕೆಳಗೊಂದು ಗೆರೆಯಾಗಿಸುತ್ತಿದ್ದಳು. ಮೂರು ವರ್ಷ ಪಕ್ಕದಲ್ಲಿ ಕೂತು ನೋಡಿದ ಕೈಬರಹ. ಒಂದನೆಯದು ಸ್ವಲ್ಪ ಅಡ್ಡಾದಿಡ್ಡಿ ಆಯಿತು, ಐದನೆಯದು ಅವಳೇ ಮಾಡಿದ ಹಾಗಿತ್ತು. ಅದನ್ನು ನೋಡಿ ನನಗೆ ಒಂದು ಕ್ಷಣ ಖುಷಿಯಾಯಿತು — ಹೌದು, ಖುಷಿ. ಇದನ್ನು ಬರೆಯದೆ ಬಿಡಬಹುದಿತ್ತು.

ಅವಳಿಗೆ ಸಂಜೆ ಹೇಳಬೇಕೆಂದುಕೊಂಡಿದ್ದೆನೇ? ಹೇಳಿದ್ದರೆ “ಹುಚ್ಚಿ” ಎಂದು ನಕ್ಕು ಬಿಡುತ್ತಿದ್ದಳೇನೋ. ಹೇಳಲಿಲ್ಲ. ಚಾಲೂ ಆದ ಆ ಐದು ಸಿಮ್ಮುಗಳು ಅಜಯ್ ಸರ್ ಚೀಲ ಸೇರಿದವು. ಅಲ್ಲಿಂದ ಯಾವ ಊರಿನ ಯಾವ ಅಂಗಡಿಗೆ ಹೋದವೋ ನಾನು ಕೇಳಲಿಲ್ಲ. ಬದನೀಕಾಯಿ ನನ್ನ ಕೈಗೆ ಬಂತು. ಮೊದಲ ಕರೆ ಮಾಡಲು ನಾನು ಅದನ್ನು ಕೊಟ್ಟದ್ದು ನೀಲಾಳಿಗೇ. ಅವಳು ಪಂಪ್‌ಹೌಸಿನ ಫೋನಿಗೆ ಹಚ್ಚಿ, “ಅಣ್ಣಾ, ಇದು ಮಹಾನಂದಾನ ಫೋನ್, ನಂದಲ್ಲ” ಅಂತ ಮೊದಲೇ ಹೇಳಿ ಆಮೇಲೆ ಮಾತಾಡಿದಳು.

ಮೂರು ತಿಂಗಳಾಯಿತು. ಪರೀಕ್ಷೆಗೆ ಇನ್ನು ಹದಿನೆಂಟು ದಿನ ಇದ್ದವು. ಬೆಳಿಗ್ಗೆ ಹತ್ತರ ಹೊತ್ತಿಗೆ ಹಾಸ್ಟೆಲಿಗೆ ಒಬ್ಬ ಹವಾಲ್ದಾರ, ಒಬ್ಬ ಮಹಿಳಾ ಪೊಲೀಸ್ ಬಂದರು. ನೀಲಮ್ಮ ಯಾರೆಂದು ಕೇಳಿದರು. ನಾವು ಬಾಯಾರು ಎನ್ನುತ್ತಿದ್ದ ವಾರ್ಡನ್ ಮೇಡಂ ಕೋಣೆಗೆ ಅವಳನ್ನು ಕರೆದರು, ಜೊತೆಗೆ ನಾನೂ ಹೋದೆ. ಮುದ್ದೇಬಿಹಾಳದಲ್ಲಿ ಒಬ್ಬ ಶಿಕ್ಷಕಿಗೆ ಯಾವನೋ ತಿಂಗಳಿಂದ ಫೋನ್ ಮಾಡಿ ಹೊಲಸು ಮಾತಾಡುತ್ತಿದ್ದನಂತೆ. ಆಕೆ ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಆ ನಂಬರು ಯಾರ ಹೆಸರಿನಲ್ಲಿದೆ ಎಂದು ತೆಗೆಸಿದರೆ, ಹವಾಲ್ದಾರ ಮೇಜಿನ ಮೇಲಿಟ್ಟ ಕಾಗದದಲ್ಲಿ ನೀಲಾಳ ಫೋಟೊ ಇತ್ತು. ಕೆಳಗೆ ಗೆರೆ ಎಳೆದ ಸಹಿ.

“ಇದು ನಿನ್ನ ಫೋಟೊ ಹೌದಿಲ್ಲ?”

“ಹೌದ್ರಿ.”

“ಸಹಿ?”

ನೀಲಾ ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು. “ನನ್ನದರಂಗ… ಐತ್ರಿ. ಆದ್ರ ನಾ ಮಾಡಿಲ್ಲರಿ.”

“ಹಂಗಾರ ಯಾರಿಗೆ ಕೊಟ್ಟಿ ಸಿಮ್ಮು? ಯಾವ ಹುಡುಗಗ ಕೊಟ್ಟಿ?” ಎಂದು ಮಹಿಳಾ ಪೊಲೀಸ್ ಕೇಳಿದರು. ಗದರಿಸಲಿಲ್ಲ, ಬುದ್ಧಿ ಹೇಳುವವರ ದನಿಯಲ್ಲಿ ಕೇಳಿದರು.

ವಾರ್ಡನ್ ಬಾಯಾರು ನನ್ನ ಕಡೆ ತಿರುಗಿದರು. ನಾನು ಸಿಮ್ಮು ಮಾರುವುದು ಅವರಿಗೆ ಗೊತ್ತಿತ್ತು. “ಮಹಾನಂದಾ, ನಿಂಗೇನರೆ ಗೊತ್ತೈತೇನು?”

“ಇಲ್ಲರಿ,” ಅಂದೆ.

ಅಷ್ಟೇ. ಒಂದು ಶಬ್ದ. ಅದರ ಮೇಲೆ ಅವರು ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಇನ್ನೂ ಹತ್ತು ಸಲ ಕೇಳಿದ್ದರೂ ಹತ್ತು ಸಲ “ಇಲ್ಲರಿ” ಅನ್ನುತ್ತಿದ್ದೆ. ಪೊಲೀಸರು ನನ್ನನ್ನು ಒಯ್ಯುತ್ತಾರೆಂಬ ಹೆದರಿಕೆ ಇತ್ತು. ಅಪ್ಪನಿಗೆ ಗೊತ್ತಾಗುತ್ತದೆಂಬ ಹೆದರಿಕೆ. ಜೊತೆಗೆ ಇನ್ನೊಂದು ಹುಚ್ಚು ಯೋಚನೆ ಇತ್ತು: ನೀಲಾ ಒಳ್ಳೆಯವಳು, ಅವಳ ಮೇಲೆ ಯಾರೂ ಅನುಮಾನ ಪಡುವುದಿಲ್ಲ, ಇದು ತಾನಾಗಿಯೇ ತಿಳಿಯಾಗುತ್ತದೆ. ಅವಳ ಒಳ್ಳೆಯತನದ ಮರೆಯಲ್ಲಿ ನಾನು ಅಡಗಿಕೊಂಡೆ.

ಪೊಲೀಸರು ಅರ್ಧ ಗಂಟೆಯಲ್ಲಿ ಹೋದರು. ಆ ನಂಬರು ಬಂದ್ ಮಾಡಿಸುತ್ತೇವೆ, ಕೇಸೇನೂ ಇಲ್ಲ, ಇನ್ನು ಮುಂದೆ ಹುಷಾರಾಗಿರು ಎಂದರು. ಅವರ ಮಟ್ಟಿಗೆ ಮುಗಿಯಿತು. ಆದರೆ ವಾರ್ಡನ್ ಬಾಯಾರು ಮುಳವಾಡಕ್ಕೆ ಫೋನ್ ಮಾಡಿದ್ದರು.

ಮಲ್ಲಪ್ಪ ಮರುದಿನವೇ ಬಂದ. ಆ ಸಲ ಗೇಟಿನ ಹೊರಗೆ ನಿಲ್ಲಲಿಲ್ಲ. ಅಂಗಳಕ್ಕೆ ಬಂದು, ಎಲ್ಲ ಹುಡುಗಿಯರ ಎದುರು, ತಂಗಿಯನ್ನು ಒಂದೇ ಮಾತು ಕೇಳಿದ.

“ಯಾವನಾಂವ?”

“ಯಾರೂ ಇಲ್ಲಣ್ಣಾ.”

“ಯಾರೂ ಇಲ್ಲದ ಸಿಮ್ಮು ಮಾತಾಡತೈತೇನು? ಯಾವನಾಂವ ಹೇಳು.”

ಅವಳು ಅಳುತ್ತ ಯಾರೂ ಇಲ್ಲ, ಯಾರೂ ಇಲ್ಲ ಎನ್ನುತ್ತಲೇ ಇದ್ದಳು. ಯಾರೂ ಇಲ್ಲವೆಂದು ಆ ಅಂಗಳದಲ್ಲಿ ಖಚಿತವಾಗಿ ಗೊತ್ತಿದ್ದವರು ಇಬ್ಬರೇ — ಅವಳು ಮತ್ತು ನಾನು. ನಾನು ಒಳಗೆ ಹೋಗಿ ಅವಳ ಬಟ್ಟೆ ಮಡಚಿದೆ. ಪುಸ್ತಕ ಕಟ್ಟಿದೆ. ಬಸ್ ನಿಲ್ದಾಣದವರೆಗೆ ಹೋಗಿ ಟ್ರಂಕು ಎತ್ತಿ ಕೊಟ್ಟೆ. ಬಸ್ಸು ಹೊರಡುವಾಗ ನೀಲಾ ಕಿಟಕಿಯಿಂದ ನನ್ನ ಕೈ ಹಿಡಿದು, “ನೀ ಒಬ್ಬಾಕೆರ ನನ್ನ ನಂಬತಿಯಲಾ?” ಅಂದಳು.

ನಾನು ತಲೆಯಾಡಿಸಿದೆ.

ಅವಳು ಪರೀಕ್ಷೆ ಬರೆಯಲಿಲ್ಲ. ಮೂರು ತಿಂಗಳಲ್ಲಿ ಮದುವೆಯಾಯಿತೆಂದು ಕೇಳಿದೆ. ನಾನು ಪರೀಕ್ಷೆ ಬರೆದೆ, ಬಿ.ಎಡ್. ಮಾಡಿದೆ, ನೌಕರಿ ಸಿಕ್ಕಿತು. ಅಷ್ಟರಲ್ಲಿ ಆ ಕಂಪನಿಯೂ ಮುಚ್ಚಿತು. ಒಂದು ದಿನ ಫೋನಿನಲ್ಲಿ ಸಿಗ್ನಲ್ ಹೋಯಿತು, ಮತ್ತೆ ಬರಲಿಲ್ಲ. ಅಜಯ್ ಸರ್ ಎಲ್ಲಿ ಹೋದರೋ ಗೊತ್ತಿಲ್ಲ. ಆಗ ನನಗೆ ಒಂಥರಾ ನೆಮ್ಮದಿಯಾಯಿತು: ಕಂಪನಿಯೇ ಇಲ್ಲವಾದ ಮೇಲೆ, ಫಾರಂ ಎಲ್ಲಿ, ಸಹಿ ಎಲ್ಲಿ? ಹೀಗೆ ಯೋಚಿಸಿದೆ ನಾನು. ನೀಲಾ ಇದ್ದಾಳೆ ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ಕಳೆದ ವರ್ಷ ಬಸವನ ಬಾಗೇವಾಡಿಯ ಪ್ರೌಢಶಾಲೆಗೆ ನನ್ನ ವರ್ಗವಾಯಿತು. ಜೂನ್ ತಿಂಗಳು, ಪ್ರವೇಶದ ದಿನಗಳು. ಎಂಟನೆಯ ತರಗತಿಗೆ ಮಗಳ ಹೆಸರು ಹಚ್ಚಲು ಬಂದ ಹೆಂಗಸೊಬ್ಬಳು ಅರ್ಜಿಯನ್ನು ತೆಗೆದುಕೊಂಡು ಬೆಂಚಿನ ಮೇಲೆ ಕೂತು ಓದುತ್ತಿದ್ದಳು. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದಳು. ಹಿಂದೆ ಪಾಳಿ ಬೆಳೆಯುತ್ತಿತ್ತು. “ಯವ್ವಾ, ಸಹಿ ಮಾಡಿ ಕೊಡ್ರಲಾ, ಬರೇ ಹೆಸರು ಊರು ಐತಿ ಅದ್ರಾಗ,” ಎಂದು ನಮ್ಮ ಗುಮಾಸ್ತ ಹೇಳಿದ.

“ಇರ್ರಿ ಒಂದೀಟ. ಪೂರಾ ಓದಲಾರದ ನಾ ಎಲ್ಲಿಯೂ ಸಹಿ ಮಾಡಂಗಿಲ್ಲರಿ.”

ದನಿ ಕೇಳಿ ತಲೆಯೆತ್ತಿದೆ. ಅವಳೂ ನೋಡಿದಳು. “ಮಹಾನಂದಾ!” ಎಂದು ಓಡಿ ಬಂದು ಎಲ್ಲರೆದುರು ನನ್ನನ್ನು ಅಪ್ಪಿಕೊಂಡಳು.

ಅವಳು ಬ್ಲೌಸು ಹೊಲಿಯುವ ಸಣ್ಣ ಅಂಗಡಿ ನಡೆಸುತ್ತಿದ್ದಳು. ಗಂಡನಿಗೆ ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿ ಕೆಲಸ. ಒಳ್ಳೆಯ ಮನುಷ್ಯ ಎಂದಳು. ನನ್ನನ್ನು ಮಗಳಿಗೆ ತೋರಿಸಿ, “ಇವರು ನನ್ನ ಗೆಳತಿ. ನನಗ ಕೆಟ್ಟ ಟೈಮ್ ಬಂದಾಗ ನನ್ನ ಟ್ರಂಕ್ ಹೊತ್ತಾಕಿ” ಅಂದಳು. ಆಮೇಲೆ ಮಗಳನ್ನು ಆ ಕಡೆ ಕಳಿಸಿ, ದನಿ ತಗ್ಗಿಸಿ, ನಾನು ಕೇಳದೆಯೇ ಹೇಳಿದಳು: “ಆ ಸಿಮ್ಮಿಂದು ಯೋಚನಿ ಮಾಡಿ ಮಾಡಿ ಸಾಕಾತು ನನಗ. ನಾನ ಎಲ್ಲೋ ಓದಲಾರದ ಸಹಿ ಮಾಡೇನಿ ನೋಡು. ಸ್ಕಾಲರ್‌ಶಿಪ್ಪಿಂದೋ ಏನೋ ಅಂತ ಯಾರೋ ಕಾಗದ ಕೊಟ್ಟಿರಬೇಕು, ಮಾಡಿರಬೇಕು. ಸಹಿ ಅಂತೂ ನಂದ ಇತ್ತು, ಕಣ್ಣಾರೆ ನೋಡೇನಿ. ನನ್ನ ತಪ್ಪ ಅದು.”

ನಾನು ಅವಳ ಸಹಿಯನ್ನು ಅಷ್ಟು ಚೆನ್ನಾಗಿ ಮಾಡಿದ್ದೆ.

ಆಗಲೇ ಹೇಳಬಹುದಿತ್ತು. ಪಾಳಿಯಲ್ಲಿ ಜನ ಇದ್ದರು, ಮಗಳು ಹತ್ತಿರದಲ್ಲೇ ಇದ್ದಳು — ಮತ್ತೆ ನೆಪಗಳು. ಮುಂದಿನ ನಾಲ್ಕು ತಿಂಗಳು ಅವಳ ಮಗಳು ನನ್ನ ತರಗತಿಯಲ್ಲಿ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದಳು. ನೀಲಾ ಹಬ್ಬಕ್ಕೆ ಹೋಳಿಗೆ ಕಳಿಸಿದಳು, ನನಗೊಂದು ಬ್ಲೌಸು ಹೊಲಿದು ಕಳಿಸಿದಳು. ಹೇಳಿದರೆ ಅವಳ ಸಂಸಾರಕ್ಕೆ ತೊಂದರೆಯಾದೀತೆಂದು ಒಂದು ದಿನ, ಹೇಳದಿದ್ದರೆ ಇನ್ನೂ ದೊಡ್ಡ ದ್ರೋಹವೆಂದು ಒಂದು ದಿನ. ಮರೆತು ನೆಮ್ಮದಿಯಾಗಿರುವವಳನ್ನು ಯಾಕೆ ಕೆದಕಬೇಕು? ಆದರೆ ಅವಳು ಎಲ್ಲಿ ಮರೆತಿದ್ದಳು? ಶಾಲೆಯ ಅರ್ಜಿಯನ್ನು ಎರಡು ಸಲ ಓದುವವಳು ಮರೆತಿರುತ್ತಾಳೆಯೇ?

ಒಂದು ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ಗಂಡ ಮಗಳನ್ನು ಕರೆದುಕೊಂಡು ಪೇಟೆಗೆ ಹೋಗಿದ್ದ. ಅವಳು ಕೂತು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ನಾನು ನಿಂತೇ ಹೇಳಿದೆ. ಕೂತರೆ ಹೇಳಲಾರೆನೆಂದು ಗೊತ್ತಿತ್ತು.

ಅವಳು ಸೂಜಿ ಹಿಡಿದುಕೊಂಡೇ ಕೊನೆಯವರೆಗೂ ಕೇಳಿಸಿಕೊಂಡಳು.

“ಎಷ್ಟು?” ಅಂದಳು ಆಮೇಲೆ.

“ಐದು.”

“ಐದೂ ನನ್ನ ಹೆಸರಲೇ?”

“ಹೂಂ.”

“ನಂದ ಯಾಕ?”

ಈ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಬಡತನ, ವಯಸ್ಸು, ಬುದ್ಧಿ ಇರಲಿಲ್ಲ ಎಂಬುದು… ಅವಳ ಮುಖ ನೋಡಿದಾಗ ಉಳಿದದ್ದು ಇಷ್ಟೇ: “ನಿನ್ನ ಫೋಟೊ ನನ್ನ ಕಡೆ ಇದ್ದುವು.”

“ಇದ್ದುವು ಅಂತ?”

“ಇದ್ದುವು ಅಂತ.”

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಬೈಯುತ್ತಾಳೆ, ಹೊಡೆಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ಯಾವುದೋ ಲೆಕ್ಕ ಬಿಡಿಸುವವಳ ಹಾಗೆ ಗೋಡೆ ನೋಡುತ್ತ, “ಹಂಗಾರ ನಾ ಮಾಡಿಲ್ಲ,” ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ, “ನಾ ಮಾಡಿಲ್ಲ.” ಮೂರನೆಯ ಸಲ ಹೇಳುವಾಗ ಎದ್ದು ನಿಂತಿದ್ದಳು. ಬಾಗಿಲಿಗೆ ಕೀಲಿ ಹಾಕಿ, “ನಡಿ. ಮುಳವಾಡಕ್ಕ ಹೋಗೂಣು. ನಮ್ಮಣ್ಣನ ಮುಂದ ಇದನ್ನ ಹೇಳು,” ಅಂದಳು.

ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಅವಳ ಜಡೆ ನೋಡುತ್ತ ಹೋದೆ; ಕಿವಿಯ ಹಿಂದೆ ಕೂದಲು ಬೆಳ್ಳಗಾಗಿತ್ತು.

ಮಲ್ಲಪ್ಪ ಅಲ್ಲೇ ಪಂಪ್‌ಹೌಸಿನ ಕೆಲಸದಲ್ಲಿದ್ದ, ಮುಳವಾಡದಲ್ಲೇ ಮನೆ ಮಾಡಿದ್ದ. ನಮ್ಮನ್ನು ನೋಡಿ ಗಾಬರಿಯಾದ. ಅವನ ಹೆಂಡತಿ ಚಹಾಕ್ಕೆ ಇಟ್ಟಳು. ನಾನು ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗಿರಲಿಲ್ಲ. ಮಲ್ಲಪ್ಪ ನೆಲ ನೋಡುತ್ತ ಕೇಳಿದ. ಮುಗಿದ ಮೇಲೆ, “ಆತು ಬಿಡ್ರಿ ಅಕ್ಕೋರ,” ಅಂದ. “ಆಗಿದ್ದು ಆಗಿ ಹೋತು. ಈಗೇನ್ ಕಮ್ಮಿ ಆಗೇತಿ ಆಕಿಗೆ? ಚೊಲೋ ಗಂಡ, ಚೊಲೋ ಮನಿ. ಚಾ ಕುಡೀರಿ.”

ನೀಲಾ ಆಗ ಅತ್ತಳು. ನನ್ನ ಎದುರು ಅಳದವಳು ಅಣ್ಣನ ಎದುರು ಅತ್ತಳು.

“ಕಮ್ಮಿ ಆಗೇತಿ ಅಂತ ನಾ ಅಂದಿಲ್ಲಣ್ಣಾ. ಒಂದ ಮಾತು ಅನ್ನು. ‘ಯಾವನೂ ಇರಲಿಲ್ಲ’ ಅಂತ ನಿನ್ನ ಬಾಯಿಲೆ ಒಮ್ಮಿ ಅನ್ನು. ಹದಿನೈದು ವರ್ಷ ಆತು, ನನ್ನ ಮುಖ ನೋಡಿ ನೀ ಮಾತಾಡಿಲ್ಲ. ಪಂಚಮಿಗೆ ಕರೀತಿ, ಸೀರಿ ಉಡಸ್ತಿ, ಮುಖ ನೋಡಂಗಿಲ್ಲ.”

ಮಲ್ಲಪ್ಪ ಚಹಾದ ಕಪ್ಪನ್ನು ತಂಗಿಯ ಕಡೆ ಸರಿಸಿದ. ಆಗ ನನಗೆ ಅರ್ಥವಾದದ್ದು — ಅರ್ಥವಾಯಿತೆಂದು ನಾನು ಅಂದುಕೊಂಡದ್ದು — ಇಷ್ಟು: ಯಾವನೂ ಇರಲಿಲ್ಲ ಎಂದು ಒಪ್ಪಿದರೆ, ಆ ಅಂಗಳದಲ್ಲಿ ತಾನು ಮಾಡಿದ್ದೇನೆಂಬುದನ್ನು ಅವನು ನೋಡಬೇಕಾಗುತ್ತದೆ. ನನ್ನ ತಪ್ಪಿಗೆ ಅವನನ್ನೂ ಕೂಡಿಸಿದವಳು ನಾನೇ. ಅವನು ತಂಗಿಯನ್ನು ಬಿಟ್ಟು ನನ್ನ ಕಡೆ ತಿರುಗಿದ.

“ಅವತ್ತ ಬಸ್ ಸ್ಟ್ಯಾಂಡಿನಾಗ ನೀವ ಇದ್ರಲ್ಲ? ಟ್ರಂಕ್ ಕೊಟ್ಟವರು?”

“ಹೌದ್ರಿ.”

“ನನ್ನ ಮಗ್ಗಲಕ್ಕ ನಿಂತಿದ್ರಿ.”

“ಹೌದ್ರಿ.”

“ಅಲ್ಲೆ ಹೇಳಬೇಕಿತ್ತು ನೀವು.” ಸಿಟ್ಟಿರಲಿಲ್ಲ ಆ ಮಾತಿನಲ್ಲಿ. “ಅಲ್ಲೆ ಹೇಳಿದ್ರ ಟ್ರಂಕ್ ಇಳಿಸ್ತಿದ್ನಿ ನಾ.”

ಪಂಪ್‌ಹೌಸಿನ ಪಾಳಿಗೆ ಹೊತ್ತಾಯಿತೆಂದು ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ನೀಲಾ ಕೇಳಿದ ಮಾತನ್ನು ಅನ್ನಲಿಲ್ಲ. ಚಹಾ ಹಾಗೆಯೇ ಉಳಿಯಿತು.

ಬಾಗೇವಾಡಿಯಲ್ಲಿ ಬಸ್ಸಿಳಿದಾಗ ನೀಲಾ ನನ್ನತ್ತ ತಿರುಗಿ ಹೇಳಿದಳು: “ನನ್ನ ಮಗಳಿಗೆ ಇದನ್ನ ನಾನ ಹೇಳ್ತೇನಿ, ಯಾವಾಗ ಹೇಳಬೇಕನಸ್ತೈತಿ ಆವಾಗ. ನೀ ಹೇಳಬ್ಯಾಡ. ಆಕಿಗೆ ಪಾಠ ಕಲಸು, ಅದಕ್ಕೇನೂ ಇಲ್ಲ. ನಮ್ಮ ಮನಿಗೆ ಬರಬ್ಯಾಡ.” ಅಷ್ಟು ಹೇಳಿ ನಡೆದಳು. ನಾನು ಹಿಂದೆ ಹೋಗಲಿಲ್ಲ. ಅವಳು ಹೊಲಿದು ಕೊಟ್ಟ ಬ್ಲೌಸು ನನ್ನ ಮೈಮೇಲೇ ಇತ್ತು, ಅದು ನೆನಪಾದದ್ದು ಮನೆಗೆ ಬಂದ ಮೇಲೆ.

ನಾನು ಹೇಳಿದ್ದು ಅವಳಿಗಾಗಿಯೋ, ನನ್ನ ಎದೆಯ ಭಾರ ಇಳಿಸಲೋ — ಗೊತ್ತಿಲ್ಲ. ತಾನು ಮಾಡಿಲ್ಲವೆಂದು ಅವಳಿಗೆ ತಿಳಿಯಿತು. ಅದರ ಜೊತೆಗೇ, ಕೆಟ್ಟ ಕಾಲದಲ್ಲಿ ಒಬ್ಬ ಗೆಳತಿಯಾದರೂ ಇದ್ದಳೆಂಬ ಒಂದೇ ಸಮಾಧಾನವನ್ನೂ ಕಸಿದುಕೊಂಡೆ. ಯಾವುದು ಹೆಚ್ಚು, ಯಾವುದು ಕಡಿಮೆ, ತೂಗಲು ಬರುವುದಿಲ್ಲ. ಮುದ್ದೇಬಿಹಾಳದ ಆ ಶಿಕ್ಷಕಿಯ ಹೆಸರು ಕೂಡ ನನಗೆ ಗೊತ್ತಿಲ್ಲ. ಹದಿನೈದು ವರ್ಷದಲ್ಲಿ ಒಮ್ಮೆಯೂ ವಿಚಾರಿಸಲಿಲ್ಲ. ಈಗ ನಾನೂ ಅದೇ ಇಲಾಖೆಯಲ್ಲಿದ್ದೇನೆ, ಕೇಳಿದರೆ ಹೇಳುವವರು ಸಿಗುತ್ತಾರೆ. ಈ ರಜೆಯಲ್ಲಿ ಹೋಗಿ ಹುಡುಕುತ್ತೇನೆ. ಆಕೆ ಬಾಗಿಲು ತೆರೆಯದಿದ್ದರೆ ಹೊರಗಿನಿಂದಲೇ ಹೇಳಿ ಬರುತ್ತೇನೆ. ಉಳಿದ ನಾಲ್ಕು ಸಿಮ್ಮುಗಳು ಯಾರ ಕೈಗೆ ಹೋದವು, ಯಾರನ್ನು ಏನು ಮಾಡಿದವು — ಅದನ್ನು ಹುಡುಕುವ ದಾರಿ ನನಗೆ ತಿಳಿಯದು.

ಕಳೆದ ವಾರ ಒಂದು ಬೆಳಿಗ್ಗೆ ನೀಲಾಳ ಮಗಳು ತಡವಾಗಿ ಬಂದು ತರಗತಿಯ ಬಾಗಿಲಲ್ಲಿ ನಿಂತಳು. ಯಾಕೆ ತಡ ಎಂದು ಕೇಳಿದೆ.

“ಮುಳವಾಡದಿಂದ ನಮ್ಮ ಮಾಮಾ ಬಂದಿದ್ರಿ, ಅಕ್ಕೋರ. ಮುಂಜಾನೆದ್ದು ಮೊದಲನೇ ಬಸ್ಸಿಗೆ ಬಂದಿದ್ರು. ಅವ್ವನ ಕೂಡ ಬಾಳೊತ್ತು ಮಾತಾಡಿದ್ರು. ಅವ್ವ ಅಳಾಕತ್ತಿದ್ಲು. ಆಮ್ಯಾಲ ಇಬ್ರೂ ಒಂದ ತಾಟಿನಾಗ ಉಂಡ್ರರಿ.”

ಮಾಮಾ ಏನೆಂದರು ಎಂದು ಕೇಳಬೇಕೆಂದು ನನ್ನ ಬಾಯಿಗೆ ಬಂತು. ಆ ಹುಡುಗಿ ಮನೆಯಲ್ಲೇ ಇದ್ದಳು, ಕೇಳಿದ್ದರೆ ಹೇಳುತ್ತಿದ್ದಳು.

ಕೇಳಲಿಲ್ಲ. ಅದು ನನಗೆ ಸೇರಿದ ಮಾತಲ್ಲ. ಒಳಗೆ ಬಂದು ಕೂರು ಎಂದು ಹೇಳಿ, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಹಾಜರಿ ಹಾಕಿದೆ.